ತೀರದ ಮುಯ್ಯಿ

ನಮ್ಮ ಹುಣಸೂರು ಕಡೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಬಂದರೆ ಅವರ ಕೆಲಸಕ್ಕೆ ಇವರು ಹೋಗಲೇಬೇಕು. ಅದಕ್ಕೆ ಮುಯ್ಯಾಳು ಎನ್ನುತ್ತೇವೆ. ಊರಿನಲ್ಲಿ ಕ್ರೈಸ್ತರು ಏಳೆಂಟು ಮನೆ. ಹೋದ ವರ್ಷ ನಮ್ಮ ಪ್ರಾರ್ಥನಾ ಮಂದಿರ ಕಟ್ಟುವಾಗ, ಹೊಗೆಸೊಪ್ಪಿನ ಕೆಲಸ ಮೈಮೇಲಿದ್ದರೂ ಪಕ್ಕದ ಬೀದಿಯ ಗೌಡರ ಮನೆಯವರೆಲ್ಲ ಬಂದು ಹೆಂಚು ಹೊದಿಸಿಕೊಟ್ಟರು.

ಈ ಸಲದ ಮಳೆಗೆ ಊರ ಶಾಲೆಯ ಹೆಂಚು ಜಾರಿತು. ಭಾನುವಾರ ಮಧ್ಯಾಹ್ನ ಮನೆಗೊಂದು ಆಳು ಬರಬೇಕೆಂದು ಊರವರು ತೀರ್ಮಾನಿಸಿದರು. ಅಂದು ಬೆಳಗಿನ ಪ್ರಸಂಗದಲ್ಲಿ ನಮ್ಮ ಪಾಸ್ಟರು, "ಕರ್ತನಾದ ಯೇಸು ಮತ್ತೆ ಬರುವ ದಿನ ಹತ್ತಿರವಿದೆ. ಅಂದು ಸುಟ್ಟುಹೋಗುವ ಲೋಕವನ್ನು ರಿಪೇರಿ ಮಾಡುವುದು ನಮ್ಮ ಕೆಲಸವಲ್ಲ," ಎಂದರು. ನಮ್ಮವರೆಲ್ಲ ಆಮೆನ್ ಎಂದರು. ಹಾಗೆಂದವರ ಮಕ್ಕಳು ಓದುವುದೂ ಅದೇ ಶಾಲೆಯಲ್ಲಿ.

ಹೊರಗೆ ಬಂದಾಗ ಗೌಡರ ಮನೆಯ ಅಜ್ಜಿ ಸಿಕ್ಕಿದರು. ಪಾಸ್ಟರ ಮಾತು ಆಗಲೇ ಅವರ ಕಿವಿಗೆ ಬಿದ್ದಿತ್ತು.

"ನಿಮ್ ಸ್ವಾಮಿ ಬರ್ಲಿ ಬುಡವ್ವ, ಬ್ಯಾಡ ಅಂದೋರ್ಯಾರು? ಅಲ್ಲೀಗಂಟ ಮಕ್ಳು ನೆನ್ಕಂಡೇ ಕೂತಿರ್ಬೇಕಾ?"

ನನಗೆ ಮೈಯೆಲ್ಲ ಉರಿಯಿತು. ಮುಯ್ಯಿ ತಪ್ಪಿಸಿಕೊಳ್ಳಲು ಲೋಕವನ್ನೇ ಸುಡಬೇಕೆ? ತಿರುಗಿ ಒಳಗೆ ಹೋದೆ.

"ಸುಟ್ಟೋಗೋ ಲೋಕ್ದಲ್ಲಿ ನಮ್ ಮಂದಿರಕ್ಕೆ ಮಾತ್ರ ಸೂರು ಯಾಕ್ ಬೇಕಾಗಿತ್ತು ಪಾಸ್ಟ್ರೇ?" ಎಂದು ಕೇಳಿದೆ.

"ಪ್ರಾರ್ಥನೆ ಮಾಡೋಣಮ್ಮ," ಎಂದು ಅವರು ಕಣ್ಣು ಮುಚ್ಚಿದರು.

ಅವರು ಕಣ್ಣು ಬಿಡುವುದರೊಳಗೆ, ಮಂದಿರದ ಹಿಂದಿನ ಗೋಡೆಗೆ ಒರಗಿಸಿದ್ದ ಏಣಿಯನ್ನು ಹೆಗಲಿಗೇರಿಸಿಕೊಂಡು ಶಾಲೆಯ ಕಡೆ ಹೊರಟಿದ್ದೆ. ಆ ಏಣಿಯೂ ಗೌಡರ ಮನೆಯದೇ. ಮಂದಿರಕ್ಕೆ ಹೆಂಚು ಹೊದಿಸಿದ ದಿನದಿಂದ ನಾವು ಅದನ್ನು ವಾಪಸು ಕೊಟ್ಟಿರಲಿಲ್ಲ.