ನಮ್ಮ ಮನೆಯ ಹಾವು ಊಟ ಬಿಟ್ಟದ್ದು

ಸೋಮವಾರ ಉಪವಾಸ ಮಾಡುವವರು ಸಿಟ್ಟು ಮಾಡಿಕೊಳ್ಳಬಾರದು ಅಂತಾರೆ. ಮಾಡಿಕೊಂಡರೆ ಉಪವಾಸದ ಪುಣ್ಯವೆಲ್ಲ ದಂಡವಂತೆ. ಹಾಗೆ ನೋಡಿದರೆ ಆ ಚಳಿಗಾಲದಲ್ಲಿ ನಾನು ಹಸಿದುಕೊಂಡಿದ್ದಕ್ಕೆ ಕವಡೆ ಕಾಸಿನ ಪುಣ್ಯವೂ ಬಂದಿರಲಿಕ್ಕಿಲ್ಲ. ನನ್ನದು ವಾರಕ್ಕೊಂದು ದಿನದ ಉಪವಾಸ. ನಮ್ಮ ಮನೆಯಲ್ಲಿ ಇನ್ನೊಬ್ಬರು ವಾರಗಟ್ಟಲೆ ಉಪವಾಸ ಕೂತಿದ್ದರು. ಅವರು ಹಾವು.

ಲಿಂಗರಾಜಪುರದಲ್ಲಿ ಸರೋಜಮ್ಮನವರ ಮನೆಯ ಕೆಳಗಿನ ಎರಡು ರೂಮಿನಲ್ಲಿ ಬಾಡಿಗೆಗಿದ್ದೆವು. ನಮ್ಮವರಿಗೆ ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿ ಕೆಲಸ. ಕೆಲಸ ಮುಗಿಸಿ ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಬರುವ ಗಂಡಸಲ್ಲ ಅವರು. ಹಕ್ಕಿ, ಮೀನು ಮಾರುವ ಗಲ್ಲಿಗೆ ನುಗ್ಗಿಯೇ ಬರಬೇಕು. ಮೊದಲು ಲವ್ ಬರ್ಡ್ಸ್ ಬಂದವು, ಹಾರಿಹೋದವು. ಆಮೇಲೆ ಮೀನು ಬಂದವು, ತೇಲಿದವು. ಒಂದು ಸಂಜೆ ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ನಗುತ್ತಾ ಬಂದರು. ಸ್ವೀಟ್ ಇರಬೇಕು ಅಂತ ನಾನೂ ನಗುತ್ತಾ ಇಸಕೊಂಡೆ. ಒಳಗೆ ಪೆನ್ಸಿಲ್ ದಪ್ಪದ, ಕಿತ್ತಳೆ ಬಣ್ಣದ ಹಾವಿನ ಮರಿ.

"ಹೆದರಬೇಡ್ವೇ, ವಿಷ ಇಲ್ಲ. ಅಮೆರಿಕದ್ದು" ಅಂದರು, ವಿಷವಿಲ್ಲದಿರುವುದು ಅಮೆರಿಕದವರ ಸ್ವಭಾವ ಅನ್ನುವ ಹಾಗೆ.

ವಿಷ ಇಲ್ಲ, ಅದೊಂದು ಪುಣ್ಯ. ಡಬ್ಬಿಗೆ ಬಿಗಿಯಾದ ಮುಚ್ಚಳ ಇತ್ತು, ಅದೂ ಒಂದು ಪುಣ್ಯ. ನಾನು ಹಲಸೂರಿನ ಅರಳಿಕಟ್ಟೆಯ ನಾಗಪ್ಪನಿಗೆ ಅರಿಶಿನ ಹಚ್ಚಿ ಬರುವವಳು. ಡಬ್ಬಿಯಲ್ಲಿ ಬಂದರೂ ನಾಗಪ್ಪ ನಾಗಪ್ಪನೇ. ಆದರೆ ಕಟ್ಟೆಯ ನಾಗಪ್ಪ ಊಟ ಕೇಳುವುದಿಲ್ಲ. ಇದಕ್ಕೆ ಹಾಕಬೇಕು, ಹಾಕಿದರೆ ಇದು ತಿನ್ನುತ್ತಿಲ್ಲ. ನನ್ನ ಮನೆಯೊಳಗೆ ಹಾವು ಹಸಿದು ಸತ್ತರೆ ಆ ದೋಷವನ್ನು ಯಾವ ಕ್ಷೇತ್ರಕ್ಕೆ ಹೋಗಿ ತೊಳಕೊಳ್ಳಲಿ? ದೋಷದ ಮಾತು ಹಾಗಿರಲಿ, ಪಕ್ಕದಲ್ಲಿ ಒಂದು ಜೀವ ಒಣಗುತ್ತಿರುವಾಗ ನನಗೆ ತುತ್ತು ಇಳಿಯಬೇಕಲ್ಲ?

ಮಾರಿದವನು ಜೊತೆಗೆ ಒಂದು ಜೀವಂತ ಇಲಿ ಕೊಟ್ಟಿದ್ದ. ಹಾವಿನ ತಲೆಗಿಂತ ನಾಲ್ಕು ಪಟ್ಟು ದಪ್ಪದ ಇಲಿ! ಅದು ಹಾವಿನ ಬೆನ್ನ ಮೇಲೆ ರಾಜಬೀದಿಯಲ್ಲಿ ನಡೆದ ಹಾಗೆ ನಡೆಯಿತು. ಹಾವು ಮೂಲೆಗೆ ಸರಿದು, ಸುರುಳಿಯೊಳಗೆ ತಲೆ ಮುಚ್ಚಿಕೊಂಡಿತು. ಇವರನ್ನು ಎಳೆದುಕೊಂಡು ನಾನೇ ಶಿವಾಜಿನಗರಕ್ಕೆ ಹೋಗಿ ಕೇಳಿದೆ.

"ಹಸಿವಾದ್ರೆ ಅದೇ ತಿಂತದೆ ಭಾಬಿ. ಗ್ಯಾರಂಟಿ ಪೀಸು" ಅಂದ ಆ ಮಹರಾಯ.

"ಆ ಗ್ಯಾರಂಟೀನ ಹಾವಿಗೆ ಹೇಳಿ ಕಳಿಸಬೇಕಿತ್ತಪ್ಪ" ಅಂದು ಬಂದೆ.

ಇಲಿಯನ್ನು ಅವನಿಗೇ ವಾಪಸ್ ಮಾಡಿದೆವು. ಮನೆಯಲ್ಲಿ ಪ್ರದರ್ಶನ ಮಾತ್ರ ನಿಲ್ಲಲಿಲ್ಲ. ಇವರು ಅಂಗಡಿಯಿಂದ ಬಂದು ಕಾಲು ತೊಳೆಯುವ ಮೊದಲೇ ಮುಚ್ಚಳ ತೆಗೆಯಬೇಕು. ಹಾವನ್ನು ಬೆರಳಿಗೆ ಸುತ್ತಿಕೊಳ್ಳಬೇಕು. ಬಂದ ಸ್ನೇಹಿತರಿಗೆಲ್ಲ ಹಿಡಿದು ತೋರಿಸಬೇಕು. ಅವರೋ, ಡಬ್ಬಿಗೆ ಟಕಟಕ ಬಡಿದು "ಹಾಯ್ ಗುರು" ಅನ್ನಬೇಕು. ಅದಾದ ಮೇಲೆ ಎಲ್ಲರೂ ಸೇರಿ ಚಿಂತೆ ಮಾಡಬೇಕು: ಯಾಕೆ ತಿನ್ನುತ್ತಿಲ್ಲ ಇದು?

ಶುಕ್ರವಾರ ಮೇಲಿನಿಂದ ಓನರಮ್ಮ ಸರೋಜಮ್ಮ ಇಳಿದು ಬಂದರು, ಮಡಿಸೀರೆ, ಕೈಯಲ್ಲಿ ಬೆಳ್ಳಿ ಬಟ್ಟಲು. ಜೊತೆಗೆ ರಸ್ತೆಯ ಮುತ್ತೈದೆಯರ ಒಂದು ದಂಡು.

"ಅಯ್ಯೋ ಪಾವಂ, ಹ್ಯಾಗೆ ಒಣಗಿದೆ ನೋಡಮ್ಮ. ಎರಡು ತೊಟ್ಟು ಹಾಲು ಬಿಟ್ಟರೆ ಸರಿಹೋಗುತ್ತೆ."

ನಾನು ಬೇಡ ಅನ್ನುವಷ್ಟರಲ್ಲಿ ಬಟ್ಟಲು ಬಗ್ಗಿತು. ಅರಿಶಿನ ಬಿತ್ತು, ಕುಂಕುಮ ಬಿತ್ತು, ಕನಕಾಂಬರ ಬಿತ್ತು. ಹಾವು ಹಾಲಿನಲ್ಲಿ ಒದ್ದೆಯಾಗಿ ನಡುಗಿತು; ಹಾವು ನಡುಗುತ್ತದೋ ಇಲ್ಲವೋ ಗೊತ್ತಿಲ್ಲ, ನಾನಂತೂ ನಡುಗಿದೆ. ಸಿಟ್ಟು ಬಂದಾಗ ನನ್ನ ನಾಲಿಗೆ ತವರೂರು ರಾಯಚೂರಿಗೆ ಹೊರಟುಬಿಡುತ್ತದೆ. "ಅದಕ್ಕ ಚಳಿ ಹತ್ತಿ ಸಾಯ್ಲಿಕತ್ತದ, ನೀವು ಅಭಿಷೇಕ ಮಾಡ್ತೀರೇನ್ರೀ?" ಅಂದುಬಿಟ್ಟೆ. ಬಾಡಿಗೆ ಮನೆಯಲ್ಲಿದ್ದುಕೊಂಡು ಓನರಮ್ಮನಿಗೆ! ಅವರು ನನ್ನನ್ನೂ ಹಾವನ್ನೂ ಒಂದೇ ಕಣ್ಣಿನಿಂದ ನೋಡಿ ಹತ್ತಿಹೋದರು. ಮನೆ ಖಾಲಿ ಮಾಡಿ ಅನ್ನಲಿಲ್ಲ, ದೇವರು ದೊಡ್ಡವನು.

ಡಬ್ಬಿ ಒರೆಸುತ್ತಾ ಕೂತಾಗ ನನಗೆ ನಾನೇ ನೆನಪಾದೆ. ಮದುವೆಯಾಗಿ ಈ ಊರಿಗೆ ಬಂದ ಹೊಸತು. ಅಂಥದೇ ಚಳಿ. ರಾಯಚೂರಿನ ಬಿಸಿಲಲ್ಲಿ ಬೆಳೆದ ಮೈ, ರೊಟ್ಟಿ ಕಂಡ ಹೊಟ್ಟೆ. ಅತ್ತೆಯ ಮನೆಯಲ್ಲಿ ನನ್ನನ್ನು ಮಧ್ಯೆ ಕೂರಿಸಿ, ತಟ್ಟೆಯಲ್ಲಿ ನನ್ನ ಮುಷ್ಟಿಯ ಎರಡರಷ್ಟು ಮುದ್ದೆ ಇಟ್ಟು, ಸುತ್ತ ಕೂತು ನೋಡುತ್ತಿದ್ದರು. ನುಂಗುತ್ತಾಳಾ? ಅಗಿಯುತ್ತಾಳಾ? "ಊಟಾನೇ ಮಾಡಲ್ಲಪ್ಪ ಹುಡುಗಿ" ಅಂತ ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು. ಪ್ರೀತಿಯಿಂದಲೇ ಮಾಡಿದರು, ಸುಳ್ಳು ಹೇಳಬಾರದು. ಅಷ್ಟು ಜನ ಪ್ರೀತಿಯಿಂದ ಗಂಟಲನ್ನೇ ನೋಡುತ್ತಿದ್ದರೆ ಅದು ತೆರೆಯುವುದಾದರೂ ಹೇಗೆ? ಒಂದು ಭಾನುವಾರ ಎಲ್ಲರೂ ಸಿನಿಮಾಕ್ಕೆ ಹೋದರು. ನಾನು ಒಲೆಯ ಪಕ್ಕ ಗೋಡೆಗೆ ಮುಖ ಮಾಡಿ ಕೂತು ಹೊಟ್ಟೆತುಂಬ ಉಂಡೆ.

ಎದ್ದೆ. ಒಂದು ತೆಂಗಿನ ಚಿಪ್ಪಿನ ಅಂಚು ಒಡೆದು ಬಾಗಿಲು ಮಾಡಿ ಡಬ್ಬಿಯೊಳಗೆ ಕವುಚಿ ಹಾಕಿದೆ. ಹಾವು ಕ್ಷಣದಲ್ಲಿ ಒಳಗೆ ಹೋಯಿತು, ಇಷ್ಟು ದಿನ ಅದನ್ನೇ ಕೇಳುತ್ತಿದ್ದ ಹಾಗೆ. ಡಬ್ಬಿಯನ್ನು ಫ್ರಿಜ್ಜಿನ ಸ್ಟೆಬಿಲೈಸರ್ ಮೇಲೆ ಒಂದು ಕಡೆ ಮಾತ್ರ ಬೆಚ್ಚಗಾಗುವಂತೆ ಇಟ್ಟೆ. ಗಾಳಿಯ ತೂತು ಬಿಟ್ಟು ಮೇಲೆ ಹಳೇ ಸೀರೆಯ ತುಂಡು ಹೊದಿಸಿದೆ. ಇವರು ಬಂದಾಗ ಅಡ್ಡ ನಿಂತೆ.

"ಒಂದೇ ಸಲ ನೋಡ್ತೀನಿ ಕಣೇ."

"ಬರೋ ವಾರದ ತನಕ ಮುಚ್ಚಳ ಮುಟ್ಟಿದ್ರೆ ನಿಮಗೂ ಇದೇ ಡಬ್ಬಿ, ಇದೇ ಚಿಪ್ಪು."

ಮುಟ್ಟಲಿಲ್ಲ. ಒಂದು ವಾರ ಕಳೆದ ಮೇಲೆ, ನಾನು ಹೇಳಿದಂತೆಯೇ, ಹಾವಿನ ದಪ್ಪದ್ದೇ ಆದ, ಕಣ್ಣು ಬಿಡದ ಸತ್ತ ಇಲಿಮರಿಯೊಂದನ್ನು ಕಾಗದದಲ್ಲಿ ಸುತ್ತಿ ತಂದರು. ತಣ್ಣಗಿದೆ ಅಂತ ಬಿಸಿನೀರಿಗೂ ಹಾಕಿದರು. ಯಾವುದರಲ್ಲಿ? ನಾನು ಕಾಫಿ ಕುಡಿಯುವ ಲೋಟದಲ್ಲಿ!

"ನನ್ನ ಲೋಟದಾಗ ಏನದ ರೀ ಅದು?"

ಆವತ್ತು ಸೋಮವಾರ ಬೇರೆ; ಆಡಿದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಆ ಲೋಟ ಈಗಲೂ ಬಚ್ಚಲಿನಲ್ಲಿದೆ.

ಇಲಿಮರಿಯನ್ನು ಚಿಪ್ಪಿನ ಬಾಗಿಲಲ್ಲಿಟ್ಟು, ಸೀರೆ ಹೊದಿಸಿ, ಇವರ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದೆ. ಬಾಣಸವಾಡಿಯವರೆಗೂ ಸುಮ್ಮನೆ ನಡೆದು ಬಂದೆವು. ವಾಪಸ್ಸು ಬಂದು ಸೀರೆಯ ಅಂಚು ಎತ್ತಿದರೆ ಇಲಿಮರಿ ಇಲ್ಲ. ಚಿಪ್ಪಿನೊಳಗೆ ಹಾವಿನ ನಡುವಲ್ಲೊಂದು ಸಣ್ಣ ಉಬ್ಬು.

ಇವರ ಕೈ ಆಗಲೇ ಒಳಗೆ ಹೊರಟಿತ್ತು. "ಉಂಡ ಕೂಸನ್ನ ಕುಣಿಸಿದ್ರ ಕಕ್ಕತದ. ಕೈ ತಗೀರಿ!" ಅಂದೆ. ತೆಗೆದರು.

ಕೈಕಾಲು ತೊಳೆದು ದೇವರ ಮುಂದೆ ನಿಂತೆ. ಹಾವು ಬದುಕಿತು ಅಂತ ಕೈ ಮುಗಿದರೆ, ಇಲಿಮರಿ ಸತ್ತದ್ದಕ್ಕೂ ಮುಗಿದ ಹಾಗಲ್ಲವೇ? ಎದುರಿಗೆ ಗಣಪ, ಹೊಟ್ಟೆಗೆ ಹಾವು ಬಿಗಿದುಕೊಂಡು, ಕಾಲ ಬುಡದಲ್ಲಿ ಇಲಿ ಕೂರಿಸಿಕೊಂಡು, ಕಡುಬು ಹಿಡಿದು ಆರಾಮಾಗಿ ಕೂತಿದ್ದ. ಎಷ್ಟು ಕಾಲದಿಂದ ಅವರಿಬ್ಬರನ್ನೂ ಒಂದೇ ಮನೆಯಲ್ಲಿ ಸುಧಾರಿಸುತ್ತಿದ್ದಾನೋ. ಹೇಗಪ್ಪಾ ಅಂತ ಕೇಳೋಣವೆಂದುಕೊಂಡೆ, ಕೇಳಲಿಲ್ಲ. ಆ ಮನೆಯಲ್ಲಿ ಯಾರೂ ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡುವುದಿಲ್ಲ, ಅಷ್ಟೇ ಇರಬೇಕು.