ಆಷಾಢದಲ್ಲೊಂದು ಮೆರವಣಿಗೆ

ಪಾಂಡವಪುರದಲ್ಲಿ ಚೌಡಯ್ಯನ ಗ್ಯಾರೇಜಿಗೆ ದಾರಿ ಕೇಳಿದರೆ ಯಾರೂ ಅವನ ಹೆಸರು ಹೇಳುತ್ತಿರಲಿಲ್ಲ. "ಮೊಸಳೆ ನಿಂತದಲ್ಲ, ಅಲ್ಲಿಗೋಗಿ" ಅನ್ನುತ್ತಿದ್ದರು. ಮೊಸಳೆ ಎಂದರೆ ಅವನ ತಿಳಿನೀಲಿ ಬಣ್ಣದ ಹಳೆಯ ಹೆರಾಲ್ಡ್ ಕಾರು. ಅದರ ಬಾನೆಟ್ಟು ಬೇರೆ ಕಾರುಗಳ ಹಾಗೆ ಮುಚ್ಚಳದಂತೆ ಏಳುತ್ತಿರಲಿಲ್ಲ. ಮಡ್‌ಗಾರ್ಡು, ದೀಪ ಎಲ್ಲ ಸೇರಿ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಂಡು ಬಾಯಿ ತೆರೆಯುತ್ತಿತ್ತು. ಮೇಲೆ ಛಾವಣಿ ಇಲ್ಲ, ಬಾಗಿಲು ಎರಡೇ. ಸಕ್ಕರೆ ಕಾರ್ಖಾನೆಯ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಅದನ್ನು ಚೌಡಯ್ಯನಿಗೆ ಬಿಟ್ಟುಕೊಟ್ಟು, "ಇದು ಓಡೋ ಕಾರು ಕಣಯ್ಯ, ಚೆನ್ನಾಗಿ ಓಡಿಸು" ಅಂದಿದ್ದರು.

ಚೌಡಯ್ಯ ಅದನ್ನು ಓಡಿಸಲೇ ಇಲ್ಲ, ನಡೆಸಿದ.

ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲೇ ಸ್ವಲ್ಪ ಜೋರಾದ ಮದುವೆಯಾದರೂ ಹೆಣ್ಣು ಗಂಡಿನ ಮೆರವಣಿಗೆಗೆ ಮೊಸಳೆಯೇ ಬರಬೇಕು. ಮುಂದೆ ಬ್ಯಾಂಡಿನವರು, ಅವರ ಮುಂದೆ ಕುಣಿಯುವ ಹುಡುಗರು, ಹಿಂದೆ ಫಸ್ಟ್ ಗೇರಿನಲ್ಲಿ ಚೌಡಯ್ಯ. ಕ್ಲಚ್ಚಿನ ಮೇಲೆ ಅವನ ಕಾಲು ಎಷ್ಟು ಹದವಾಗಿರುತ್ತಿತ್ತೆಂದರೆ, ಸೀಟಿನ ಒರಗಿನ ಮೇಲೆ ಏರಿ ಕೂತ ಮದುಮಗಳ ಜಡೆಯ ಹೂವು ಅಲುಗುತ್ತಿರಲಿಲ್ಲ. ನಿಧಾನಕ್ಕೆ ನಡೆದರೆ ನೀರು ಕುದಿಯುತ್ತದೆಂದು ರೇಡಿಯೇಟರಿಗೆ ದೊಡ್ಡ ಫ್ಯಾನು ಹಾಕಿಸಿದ್ದ. ಮದುವೆಯೂರಿಗೆ ಹೋಗುವಾಗ ಅಲಂಕಾರದ ಹೂವು ಗಾಳಿಗೆ ಹಾರೀತೆಂದು ನಿಧಾನ. ಬರುವಾಗ ಕತ್ತಲು, ಮಂಕು ದೀಪ, ಕಬ್ಬಿನ ಗಾಡಿಗಳು. ಹೀಗಾಗಿ ಹದಿನಾರು ವರ್ಷದಲ್ಲಿ ಆ ಕಾರಿನ ನಾಲ್ಕನೇ ಗೇರಿಗೆ ಹೆಚ್ಚು ಕೆಲಸವೇ ಬಿದ್ದಿರಲಿಲ್ಲ. ಓಡುವ ಕಾರನ್ನು ಇಟ್ಟುಕೊಂಡು ಒಮ್ಮೆಯೂ ಓಡಿಸಲಿಲ್ಲವಲ್ಲ ಎಂಬ ಕೊರಗು ಚೌಡಯ್ಯನ ಹೊಟ್ಟೆಯೊಳಗೆ ಇದ್ದೇ ಇತ್ತು.

ಅವನು ಒಂದು ಕಾನೂನು ಮಾಡಿದ್ದ. ಹಿಂದಿನ ಸೀಟಿನಲ್ಲಿ ಹಣೆಗೆ ಬಾಸಿಂಗ ಕಟ್ಟಿದವರು ಮಾತ್ರ ಕೂರಬೇಕು. ಒಮ್ಮೆ ಯಾರದೋ ಸೋದರಮಾವ ಕೆಸರುಗಾಲಲ್ಲಿ ಹತ್ತಿ ಸೀಟು ಹಾಳು ಮಾಡಿದ ಮೇಲೆ ಹುಟ್ಟಿದ ಕಾನೂನು ಅದು. ಅದರಿಂದ ಕಾರಿಗೆ ಮರ್ಯಾದೆ ಹೆಚ್ಚಿತು, ಮನೆಯಲ್ಲಿ ಚೌಡಯ್ಯನಿಗೆ ಕಡಿಮೆಯಾಯಿತು. ಹೆಂಡತಿ ಪುಟ್ಟಗೌರಮ್ಮ ಸಿಂಧಘಟ್ಟದ ಹೆಣ್ಣು. ಕಾರು ಬರುವ ಹಿಂದಿನ ವರ್ಷ ಮದುವೆಯಾಗಿ ಬಸ್ಸಿನಲ್ಲಿ ನಿಂತುಕೊಂಡೇ ಗಂಡನ ಮನೆಗೆ ಬಂದವಳು.

"ನಿಮ್ ಕಾರಲ್ಲಿ ಕೂರ್ಬೇಕು ಅಂದ್ರೆ ನಾನು ಇನ್ನೊಂದು ಮದ್ವೆ ಆಗ್ಬೇಕು ಕಣಿ. ಗಂಡು ನೋಡಿ" ಎಂದು ಆಕೆ ವರ್ಷಕ್ಕೆ ನಾಲ್ಕು ಸಲವಾದರೂ ಚುಚ್ಚುತ್ತಿದ್ದಳು.

ಸಾವಿರದ ಒಂಬೈನೂರ ತೊಂಬತ್ತಾರರ ಆಷಾಢ. ಲಗ್ನಗಳಿಲ್ಲದೆ ಮೊಸಳೆ ಹೊಂಗೆ ಮರದಡಿ ಮಲಗಿತ್ತು. ಒಂದು ಶನಿವಾರ ಶ್ರೀರಂಗಪಟ್ಟಣದ ಕಾಲೇಜು ಮೇಷ್ಟ್ರು ದೊರೆಸ್ವಾಮಿಯವರು ಕೆಂಪು ಕಾರೊಂದನ್ನು ತಂದು ನಿಲ್ಲಿಸಿದರು. ಮಾವನವರಿಂದ ಬಂದ ವಿಲಾಯಿತಿ ಸ್ಪೋರ್ಟ್ಸ್ ಕಾರು. ನೆಲಕ್ಕೆ ಅಂಟಿದಂತೆ ತಗ್ಗಾಗಿತ್ತು, ಸೀಟು ಎರಡೇ.

"ನೋಡಿ ಚೌಡಯ್ಯ, ನನಗೀಗ ಇಬ್ಬರು ಮಕ್ಕಳು. ಮನೆಯವಳನ್ನು ಕೂರಿಸಿದರೆ ಮಕ್ಕಳನ್ನು ಬಾನೆಟ್ಟಿನ ಮೇಲೆ ಕೂರಿಸಬೇಕು. ನಿಮ್ಮ ಹೆರಾಲ್ಡು ಕೊಡಿ, ಇದನ್ನಿಟ್ಟುಕೊಳ್ಳಿ. ಅದಲು ಬದಲು, ಅಷ್ಟೆ."

"ಇದು ಬೋ ಜೋರಾಗಿ ಓಡ್ತದಾ ಸಾ?"

"ಓಡಿಸಿಯೇ ನೋಡಿ. ನಾಳೆ ಸಂಜೆ ಬರ್ತೀನಿ, ಆಗ ಹೇಳಿದರೆ ಸಾಕು."

ಚೌಡಯ್ಯ ಆ ಕ್ಷಣವೇ ಮನಸ್ಸಿನಲ್ಲಿ ಹೂಂ ಅಂದಾಗಿತ್ತು. ಕೆಂಪು ಕಾರು ಬಂದರೆ ಮೆರವಣಿಗೆ ನಿಲ್ಲುತ್ತದೆ, ನಿಲ್ಲಲಿ. ಗ್ಯಾರೇಜು ಇದೆ. ಇನ್ನೊಂದು ಸಮಾಧಾನವೂ ಇತ್ತು: ಈ ಕಾರಿಗೆ ಹಿಂದಿನ ಸೀಟೇ ಇಲ್ಲ. ಒಂದರಲ್ಲಿ ತಾನು, ಇನ್ನೊಂದರಲ್ಲಿ ಪುಟ್ಟಗೌರಮ್ಮ. ಹೆಂಡತಿಯ ಬಾಯಿಗೂ ಬೀಗ ಬಿತ್ತು.

ಭಾನುವಾರ ಬೆಳಿಗ್ಗೆ ಆಕೆ ಕೆಂಪಂಚಿನ ಹಸಿರು ಸೀರೆಯುಟ್ಟು ಬಂದು, ಕಾರಿನ ಎತ್ತರ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಇದ್ರೊಳ್ಗೆ ಕೂರದಾ, ಮಲಗದಾ?"

"ಕೂತ್ಕೊಮ್ಮಿ, ಬೆಳ್ಳೂರ್ ಕ್ರಾಸಲ್ಲಿ ಇಡ್ಲಿ ತಿನ್ನದು."

ಜಕ್ಕನಹಳ್ಳಿಯವರೆಗೆ ಚೌಡಯ್ಯ ಕಾರಿನ ಮನಸ್ಸು ತಿಳಿದುಕೊಂಡ. ಅಲ್ಲಿ ರಸ್ತೆ ನೇರವಾದದ್ದೇ ನಾಲ್ಕನೇ ಗೇರಿಗೆ ಹಾಕಿ ಕಾಲು ಒತ್ತಿದ. ಹುಣಸೆ ಮರಗಳು ಎದುರಿಗೆ ಬಂದು ಬಂದು ಹಿಂದಕ್ಕೆ ಬಿದ್ದವು. ಗಾಳಿ ಕಿವಿಯಲ್ಲಿ ಕೂಗಿತು. ನಲವತ್ತೈದರ ಚೌಡಯ್ಯ ಒಬ್ಬನೇ ಗಟ್ಟಿಯಾಗಿ ನಕ್ಕ. ತಾನು ಇದನ್ನು ಓಡಿಸಬಲ್ಲೆ, ಈ ಕೈಗೆ ಇದು ಹೊಸದಲ್ಲ ಎಂದು ಅವನಿಗೆ ಮೊದಲ ತಿರುವಿನಲ್ಲೇ ಗೊತ್ತಾಗಿತ್ತು. ಇಷ್ಟು ವರ್ಷದ ಕೊರಗು ಬೆಳ್ಳೂರು ಬರುವುದರೊಳಗೆ ಎಲ್ಲೋ ಉದುರಿಹೋಗಿತ್ತು.

ಹೋಟೆಲಿನಲ್ಲಿ ಇಡ್ಲಿ ಬಂತು. ಪುಟ್ಟಗೌರಮ್ಮ ಇಡ್ಲಿ ಮುಟ್ಟದೆ ಕೆದರಿದ ತಲೆ ಸರಿಮಾಡಿಕೊಳ್ಳುತ್ತಿದ್ದಳು.

"ಯಾಕಮ್ಮಿ, ಎದರ್ಕಂಡಾ?"

"ಎದ್ರಿಕೆ ಯಾಕೆ, ನೀವಿಲ್ವಾ? ಜಕ್ಕನಹಳ್ಳಿಲಿ ನಮ್ಮಕ್ಕ ಅಂಗ್ಡಿ ಮುಂದೆ ನಿಂತಿದ್ಲು. ನಾನು ಕೈ ಎತ್ತೋದ್ರೊಳ್ಗೆ ನಾಗಮಂಗಲನೇ ಬಂದ್ಬುಡ್ತು."

"ಓಡೋ ಕಾರು ಕಣೆ ಅದು!"

"ಅದ್ಕೇ ಏಳ್ತಿರೋದು. ನಾನು ಕಾರಲ್ಲಿ ಕೂತಿದ್ದೆ ಅಂತ ಒಂದು ನರಪಿಳ್ಳೆಗಾದ್ರೂ ಗೊತ್ತಾಯ್ತಾ? ನಿಮ್ ಮೊಸಳೆ ಬಂದ್ರೆ ಮುದುಕ್ರು ಮೋಟ್ರೆಲ್ಲ ಬಾಗ್ಲಿಗ್ ಬತ್ತಾರೆ. ಒಲೆ ಮೇಲೆ ಸಾರು ಉಕ್ಕಿದ್ರೂ ಬುಟ್ಟು ಬತ್ತಾರೆ. ನಾನೂ ಅಂಗೇ ಬಂದು ನೋಡಿವ್ನಿ. ಅಂಗೆ ಕೂರ್ಬೇಕು ಅಂತ ನಾನಂದಿದ್ದು."

ಚೌಡಯ್ಯ ಇಡ್ಲಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ತನ್ನದು ಓಡದ ಕಾರು ಎಂದು ಕೊರಗುತ್ತಿದ್ದಾಗ, ಅದು ನಡೆಯುವುದನ್ನು ನೋಡಲು ಇವಳು ಬಾಗಿಲಲ್ಲಿ ನಿಂತಿದ್ದಳು. ಓಡಿಸಲು ಕಾಲು ಒತ್ತಿದರೆ ಆಯಿತು, ಅದನ್ನು ಈಗಷ್ಟೇ ನೋಡಿಯೂ ಆಯಿತು. ಒಂದು ಇಡೀ ಬೀದಿಯನ್ನು ಬಾಗಿಲಿಗೆ ಕರೆಯುವಂತೆ ನಡೆಸುವವನು ಈ ನಾಲ್ಕು ತಾಲ್ಲೂಕಿನಲ್ಲಿ ತಾನೊಬ್ಬನೇ. ಅದನ್ನು ಕೊಟ್ಟುಬಿಡುವುದಕ್ಕೆ ಹೊರಟಿದ್ದನಲ್ಲ! ಇಡ್ಲಿ ಮುಗಿಸಿ ಕೈ ತೊಳೆದ. ಇನ್ನು ಯೋಚಿಸುವುದಕ್ಕೆ ಏನೂ ಉಳಿದಿರಲಿಲ್ಲ.

ಸಂಜೆ ದೊರೆಸ್ವಾಮಿಯವರು ಬಂದಾಗ ಕೆಂಪು ಕಾರು ತೊಳೆಸಿಕೊಂಡು ಹೊಳೆಯುತ್ತಿತ್ತು.

"ಬದ್ಲಾಯ್ಸದು ಬ್ಯಾಡಿ ಸಾ."

"ಯಾಕಪ್ಪ, ಓಡಲಿಲ್ಲವೇ?"

"ಬೋ ಚೆನ್ನಾಗಿ ಓಡ್ತು. ನಡೆಯಕ್ಕೆ ಬರಕಿಲ್ಲ ಅದಕ್ಕೆ. ನಿಮ್ಗೆ ನಾಕ್ ಜನ ಕೂರೋ ಕಾರು ನಾನೇ ಉಡ್ಕಿ ಕೊಡ್ತೀನಿ. ಇದನ್ನೂ ಮಾರ್ಬೇಡಿ, ಸರ್ವೀಸಿಗೆ ನನ್ ತಾವ್ಕೇ ತನ್ನಿ. ಪ್ರತಿ ಸಲಾನೂ ಬೆಳ್ಳೂರ್ ಗಂಟ ಒಂದ್ಸಲ ಓಡ್ಸಿ ನೋಡೋ ಗಂಟ ನಾನು ವಾಪಸ್ ಕೊಡಕಿಲ್ಲ, ಈಗ್ಲೇ ಏಳಿವ್ನಿ."

ಮೇಷ್ಟ್ರು ನಗುತ್ತ ಕೆಂಪು ಕಾರನ್ನೇರಿ ಹೋದರು. ಚೌಡಯ್ಯ ಮೊಸಳೆಯ ಬಾಗಿಲು ತೆರೆದು, ಮುಂದಿನ ಸೀಟು ಬಗ್ಗಿಸಿ, ಹೆಂಡತಿಗೆ ಹಿಂದಕ್ಕೆ ಹತ್ತಲು ದಾರಿ ಮಾಡಿದ.

"ಅತ್ತಮ್ಮಿ."

"ಬಾಸಿಂಗ?"

"ಕಾನೂನು ಮಾಡ್ದೋನು ನಾನಲ್ವಾ, ಅತ್ತು."

ಅವಳು ಹತ್ತಿ, ಒಂದು ಗಳಿಗೆ ಸೀಟಿನಲ್ಲಿ ಕೂತು, ಆಮೇಲೆ ಮದುಮಗಳಂತೆ ಒರಗಿನ ಮೇಲೇರಿ ಸೆರಗು ಹರಡಿಕೊಂಡಳು. ಕಾರು ಬೀದಿಗೆ ಇಳಿಯಿತು. ಮೊದಲು ಸೈಕಲ್ಲೊಂದು ದಾಟಿ ಹೋಯಿತು, ಆಮೇಲೆ ಎತ್ತಿನ ಗಾಡಿ. ಬಾಗಿಲು ಬಾಗಿಲಿಗೂ ಜನ ಬಂದರು. ತಿರುವಿನಲ್ಲಿ ಬ್ಯಾಂಡಿನ ಕೃಷ್ಣ ಬೀಡಿ ಎಸೆದು ಕೂಗಿದ.

"ಅಣ್ಣೋ! ಆಷಾಢದಲ್ಲಿ ಯಾರದಣ್ಣೋ ಲಗ್ನ?"

"ನಮ್ದೇ ಕಣ್ಲಾ!" ಉತ್ತರ ಮೇಲಿನಿಂದ ಬಂತು. "ಬಾಯ್ ಬುಟ್ಕಂಡ್ ನಿಂತವ್ನೆ ನೋಡು, ವಾಲಗ ಎಲ್ಲಿ ಕಣ್ಲಾ?"

ಬೀದಿಯೆಲ್ಲ ನಕ್ಕಿತು. ಪುಟ್ಟಗೌರಮ್ಮ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈಯೆತ್ತಿದಳು. ಎಲ್ಲರೂ ತಿರುಗಿ ಕೈಯೆತ್ತುವಷ್ಟು ಹೊತ್ತಿತ್ತು. ಆಮೇಲೆ ಬಗ್ಗಿ ಗಂಡನ ಹೆಗಲು ಮುಟ್ಟಿದಳು.

"ಇನ್ನೊಸಿ ನಿಧಾನ ಕಣಿ."

ಚೌಡಯ್ಯ ಕ್ಲಚ್ಚನ್ನು ಕೂದಲೆಳೆಯಷ್ಟು ಒತ್ತಿದ.