ವಾಡೆಯ ಬಾಗಿಲ ಸಿಂಹ

ನಾನು ಶಾಲೆ ಬಿಟ್ಟಿದ್ದು ೧೯೮೩ರಲ್ಲಿ, ಒಂಬತ್ತನೆಯ ಕ್ಲಾಸಿನ ನಡುವೆ. ಓದು ಹತ್ತಲಿಲ್ಲ ಎಂದಲ್ಲ. ಕಮಲಾಪುರದ ಹೈಸ್ಕೂಲಿಗೆ ಹೋಗುವ ದಾರಿಯಲ್ಲಿ ಒಂದು ವಾಡೆ ಇತ್ತು, ಅದಕ್ಕೆ.

ವಾಡೆ ಎಂದರೆ ಬರೀ ದೊಡ್ಡ ಮನೆಯಲ್ಲ, ಸಣ್ಣ ಕೋಟೆಯೇ. ಮೂಲೆಗೊಂದು ಬುರುಜು, ಆನೆ ಹಾಯುವಷ್ಟು ಎತ್ತರದ ಬಾಗಿಲು, ಒಳಗೆ ಜೋಳ ತುಂಬುವ ಹಗೇವು, ಕಲ್ಲು ಕಟ್ಟಿದ ಬಾವಿ. ಕಲಬುರಗಿ ಕೋಟೆ ಕಟ್ಟಿದ ಬಾದಶಹರ ಕಾಲದ್ದು ಎಂದು ವಾಡೆಯ ಒಡೆಯ ಧಣಿಯ ಮನೆಯವರು ಹೇಳಿಕೊಳ್ಳುತ್ತಿದ್ದರು. ನಮ್ಮ ಮುತ್ಯಾ, ಅಪ್ಪನ ಅಪ್ಪ, ಹೇಳುತ್ತಿದ್ದುದು ಬೇರೆ: "ದಂಡು ಬಂದಾಗ ಬಾಗಲಾ ಹಾಕ್ಕೊಂಡ್ರು. ಊರ ಮಂದಿ ಹೊರಗ ಉಳೀತು."

ಬಾಗಿಲ ಮೇಲೆ ಸಿಂಹ ಕೆತ್ತಿದ ಕಲ್ಲಿತ್ತು. ಅದರ ಮುಂದೆ ನಮ್ಮಂಥವರು ಚಪ್ಪಲಿ ಕೈಯಲ್ಲಿ ಹಿಡಿದು, ಸೈಕಲ್ ಇಳಿದು ಹೋಗಬೇಕು. ಅಪ್ಪ ಕಲ್ಲಿನ ಖಣಿಯಲ್ಲಿ ದುಡಿದು ನನಗೊಂದು ಹಳೆಯ ಸೈಕಲ್ ಕೊಡಿಸಿದ್ದ. ಅಂದು ಶಾಲೆಗೆ ಹೊತ್ತಾಗಿತ್ತು. ನಾನು ಇಳಿಯಲಿಲ್ಲ.

ಧಣಿ ಕಟ್ಟೆಯ ಮೇಲೆ ಕೂತಿದ್ದ. "ಯಾರ ಮಗನಲೇ ನೀ? ಕುಂಡಿಗೆ ಗಾಲಿ ಬಂದಾವೇನು?" ಎಂದ. ಆಳುಗಳು ನಕ್ಕರು.

ಅಪ್ಪನನ್ನು ಖಣಿಯಿಂದ ಕರೆಸಿದರು. "ಹುಡುಗ ಅದಾನ್ರಿ ಧಣಿ, ತಿಳೀಲಾರದ ಮಾಡ್ಯಾನ" ಎಂದು ಅಪ್ಪ ಮಣ್ಣಿಗೆ ಹಣೆ ಹಚ್ಚಿದ. ಆ ಸೈಕಲ್ಲನ್ನು ಅಪ್ಪನ ಕೈಯಿಂದಲೇ ಬಾವಿಗೆ ಹಾಕಿಸಿದರು.

ಮರುದಿನ ಅಪ್ಪನೊಂದಿಗೆ ನಾನೂ ಖಣಿಗೆ ಹೋದೆ. ಆ ಬಾಗಿಲನ್ನು ನೆಲಕ್ಕೆ ತರುತ್ತೇನೆ ಎಂದು ಅಂದೇ ಅಂದುಕೊಂಡೆ. ಮರೆಯಲಿಲ್ಲ. ಮರೆಯಬೇಕೆಂದೂ ಅನಿಸಲಿಲ್ಲ.

ಕಲ್ಲು ಒಡೆದೆ, ಟ್ರ್ಯಾಕ್ಟರ್ ಹೊಡೆದೆ, ಹಳೆಯ ಮನೆ ಕೆಡವುವ ಗುತ್ತೇದಾರನಾದೆ. ೧೯೯೭ರಲ್ಲಿ ಧಣಿಯ ಮನೆಯವರು ಕಲಬುರಗಿಯ ಜೇವರ್ಗಿ ಕಾಲೋನಿ ಸೇರಿದರು. ವಾಡೆ ಕೆಡವಿ ಪ್ಲಾಟ್ ಹಾಕಲು ಹೊರಟರು.

"ಕೂಲಿ ಬ್ಯಾಡ್ರಿ, ಕಲ್ಲು ನನಗಿರಲಿ" ಎಂದೆ. ಯಾರ ಮಗ ಎಂದು ಆಗ ಯಾರೂ ಕೇಳಲಿಲ್ಲ.

ಮೇಲಿನಿಂದ ಬಿಚ್ಚುತ್ತ ಬರುವುದು ಪದ್ಧತಿ. ನಾನು ಟ್ರ್ಯಾಕ್ಟರ್ ಒಳಗೆ ಹೋಗಬೇಕೆಂದು ನೆವ ಹೇಳಿ ಮೊದಲು ಬಾಗಿಲನ್ನೇ ಬಿಚ್ಚಿಸಿದೆ. ಬುರುಜಿನ ಕಲ್ಲು ಯಾರ್ಯಾರದೋ ಮನೆಯ ಪಾಯಕ್ಕೆ ಹೋದವು. ಗೋಡೆಯ ಮಣ್ಣಿನಿಂದ ಬಾವಿ ಮುಚ್ಚಿದೆ. ಮಳೆಗಾಲ ಬರುವುದರೊಳಗೆ ಅಲ್ಲೊಂದು ವಾಡೆ ಇತ್ತೆಂಬ ಗುರುತೂ ಉಳಿಯಲಿಲ್ಲ. ಸಿಂಹದ ಕಲ್ಲನ್ನು ಮಾತ್ರ ಮಾರಲಿಲ್ಲ. ಶರಣಸಿರಸಗಿಯಲ್ಲಿ ಕಟ್ಟಿದ ನನ್ನ ಮನೆಯ ಗೇಟಿನಲ್ಲಿ, ಗಾಡಿ ಹತ್ತಿಸಲು ಇಳಿಜಾರಾಗಿ ಹಾಸಿದೆ. ಮುಖ ಮೇಲೆ ಮಾಡಿಯೇ ಹಾಸಿದೆ.

೨೦೦೪ರಲ್ಲಿ ಧಣಿಯ ಮಗ, ವಾಡೆ ಕೆಡವಿದವನನ್ನು ಹುಡುಕಿಕೊಂಡು, ಸ್ಕೂಟರ್ ಮೇಲೆ ಬಂದರು. ಕಾಲೇಜಿನಲ್ಲಿ ಕಲಿಸುವವರು, ವಾಡೆಯ ಇತಿಹಾಸ ಬರೆಯಲು ಕೂತಿದ್ದರು. ಗೇಟಿನ ಕಲ್ಲು ನೋಡಿದವರೇ ಬ್ರೇಕ್ ಹಿಡಿದು ಇಳಿದರು.

"ಇಳೀಬ್ಯಾಡ್ರಿ ಧಣಿ. ನಮ್ಮ ಬಾಗಲದಾಗ ಯಾರೂ ಇಳಿಯಂಗಿಲ್ಲ. ಹತ್ತಿಸ್ರಿ ಮ್ಯಾಲ."

"ಅಣ್ಣಾರ, ನಮ್ಮ ವಾಡೇದು ಇದೊಂದೇ ಉಳದದ. ಕೊಟ್ಟಬಿಡ್ರಿ."

"ಕೊಡ್ತೀನ್ರಿ. ನಿಮ್ಮ ಬಾವ್ಯಾಗ ನನ್ನ ಸೈಕಲ್ ಅದ. ತಗದು ತರ್ರಿ."

"ಯಾವ ಸೈಕಲ್ ರೀ?"

"ಇತಿಹಾಸ ಬರಿಯೋರು ನೀವು. ನಿಮ್ಮಪ್ಪಗ ಕೇಳ್ರಿ."

ಮುದುಕ ಇನ್ನೂ ಬದುಕಿದ್ದ. ಕೇಳಿರಬೇಕು, ಮಗ ಮತ್ತೆ ಬರಲಿಲ್ಲ.

ನನ್ನ ಮಕ್ಕಳು ದಿನಾ ಆ ಕಲ್ಲಿನ ಮೇಲೆ ಸೈಕಲ್ ಹಾಯಿಸಿ ಶಾಲೆಗೆ ಹೋಗುತ್ತಾರೆ. ಸಿಂಹದ ಮೂಗು ಸವೆದಿದೆ. ಈಗ ನನ್ನ ಹತ್ತಿರ ಇರುವುದು ಇಷ್ಟು: ಮನೆ ಒಂದು, ಟ್ರ್ಯಾಕ್ಟರ್ ಎರಡು, ಮಕ್ಕಳು ಮೂವರು, ಸೈಕಲ್ ಮೂರು, ಸಿಂಹ ಒಂದು.